ಯುವೆ ಯುವೆ ಯು: ಲೋಕ ಕೇಳಿಸಿಕೊಂಡಿದ್ದು ರಣಕಹಳೆ, ಅವರು ಹಾಡಿದ್ದು ಬೈಗುಳ

ಇವತ್ತಿನ ಸಂಚಿಕೆಯಲ್ಲಿ ಒಂದೇ ಒಂದು ಹಾಡನ್ನು ಹಿಡ್ಕೊಂಡು ಮಾತಾಡೋಣ. ಹಾಡಿನ ಹೆಸರು ‘ಯುವೆ ಯುವೆ ಯು’. ಹಾಡಿದವರು ಮಂಗೋಲಿಯಾದ ರಾಜಧಾನಿ ಉಲಾನ್‌ಬಾತರ್‌ನ ‘ದಿ ಹು’ ಅನ್ನೋ ಹೆವಿ ಮೆಟಲ್ ತಂಡ. 2018ರ ಸೆಪ್ಟೆಂಬರ್ ಕೊನೆಯಲ್ಲಿ ಇದರ ವಿಡಿಯೋ ಯೂಟ್ಯೂಬ್‌ಗೆ ಬಂತು. ತಂಡದ ಮೊಟ್ಟಮೊದಲ ಹಾಡು ಅದು. ಆಗ ಅವರದ್ದೊಂದು ಆಲ್ಬಂ ಇರಲಿಲ್ಲ, ಅಮೆರಿಕದ ಕಂಪನಿಯ ಬೆಂಬಲ ಇರಲಿಲ್ಲ. ಹಾಡಿನ ಭಾಷೆಯೋ, ಆ ದೇಶದಾಚೆ ಹೆಚ್ಚಿನವರಿಗೆ ಒಂದು ಪದವೂ ತಿಳಿಯದ ಮಂಗೋಲಿಯನ್. ಆದರೂ ಕೆಲವೇ ತಿಂಗಳಲ್ಲಿ ಲಕ್ಷಾಂತರ ಜನ ನೋಡಿದರು, ಈಗ ಆ ಲೆಕ್ಕ ಕೋಟಿಗಳಲ್ಲಿದೆ.

ಈ ಹಾಡು ಹೇಗೆ ‘ವೈರಲ್’ ಆಯ್ತು ಅನ್ನೋ ಕಥೆಯನ್ನು ಬೇಕಾದಷ್ಟು ಜನ ಹೇಳಿದ್ದಾರೆ. ನನಗೆ ಅದಕ್ಕಿಂತ ಕುತೂಹಲ ಇರೋದು ಇನ್ನೊಂದು ವಿಷಯದಲ್ಲಿ. ಹೊರಗಿನವರು ಈ ಹಾಡಿನಲ್ಲಿ ಕೇಳಿಸಿಕೊಂಡಿದ್ದು ಒಂದು, ಹಾಡು ಹೇಳ್ತಾ ಇರೋದು ಇನ್ನೊಂದು. ಆ ಎರಡರ ನಡುವಿನ ಅಂತರ ಎಷ್ಟಿದೆ ಅಂದ್ರೆ, ಕೊನೆಗೆ ಸ್ವಂತ ದೇಶದ ಸರ್ಕಾರವೂ ಅದರೊಳಗೆ ಬಂದು ನಿಂತುಕೊಂಡಿತು. ಹೇಗೆ ಅನ್ನೋದನ್ನ ಆಮೇಲೆ ಹೇಳ್ತೀನಿ.

ಮೊದಲು ಹಾಡಿನ ನಾದ. ಸಿಡಿಲಿನಂಥ ಡ್ರಮ್ಮು, ಒಂದೇ ಲಯದಲ್ಲಿ ಮುಂದೆ ನುಗ್ಗುತ್ತೆ. ಮೆಟಲ್ ಕೇಳುವವರಿಗೆ ‘ಗ್ಯಾಲಪ್’ ಅನ್ನೋ ಪದ ಗೊತ್ತಿರುತ್ತೆ, ಕುದುರೆ ನಾಗಾಲೋಟದಲ್ಲಿ ಓಡುವ ಹಾಗಿನ ಲಯ. ಐರನ್ ಮೇಡನ್ ತಂಡದ ಸ್ಟೀವ್ ಹ್ಯಾರಿಸ್ ಅವರ ಬೇಸ್ ಗಿಟಾರ್ ಆ ಲಯಕ್ಕೇ ಹೆಸರುವಾಸಿ. ಇಂಗ್ಲೆಂಡಿನ ತಂಡಕ್ಕೆ ಅದು ಒಂದು ಉಪಮೆ ಮಾತ್ರ. ಮಂಗೋಲಿಯಾದಲ್ಲಿ ಕುದುರೆ ಉಪಮೆಯಲ್ಲ, ಹಟ್ಟಿಯ ಮುಂದೆ ಕಟ್ಟಿರುವ ಪ್ರಾಣಿ. ಈ ಹಾಡಿನಲ್ಲಿ ಕೇಳುವ ತಂತಿಯ ಹೆಸರಲ್ಲೇ ಕುದುರೆ ಇದೆ: ‘ಮೊರಿನ್ ಖೂರ್’, ಕುದುರೆಯ ವಾದ್ಯ. ಎರಡೇ ತಂತಿ, ಕಮಾನಿನಲ್ಲಿ ನುಡಿಸೋದು. ಹಳೇ ಪದ್ಧತಿಯಲ್ಲಿ ತಂತಿಯೂ ಕಮಾನೂ ಕುದುರೆಯ ಬಾಲದ ಕೂದಲಿಂದಲೇ ಆಗಿರುತ್ತೆ. ವಾದ್ಯದ ತುದಿಯಲ್ಲಿ ಕುದುರೆ ತಲೆಯ ಕೆತ್ತನೆ. ದಿ ಹು ತಂಡದವರು ಅದಕ್ಕೆ ಪಿಕಪ್ ಕೂರಿಸಿ, ಆಂಪ್ಲಿಫೈಯರ್‌ಗೆ ಜೋಡಿಸಿ, ಗಿಟಾರ್ ಮಾಡುವ ಕೆಲಸವನ್ನು ಅದರಿಂದ ಮಾಡಿಸ್ತಾರೆ. ತಂಡದ ನಾಲ್ವರು ಮುಖ್ಯ ಸದಸ್ಯರ ಕೈಯಲ್ಲಿ ಎಲೆಕ್ಟ್ರಿಕ್ ಗಿಟಾರ್ ಇಲ್ಲ. ಮೊರಿನ್ ಖೂರ್, ತೊವ್‌ಶೂರ್ ಅನ್ನೋ ಮೀಟುವ ವಾದ್ಯ, ತ್ಸೂರ್ ಅನ್ನೋ ಕೊಳಲು, ತುಮುರ್ ಖೂರ್ ಅನ್ನೋ ಕಬ್ಬಿಣದ ಪುಟ್ಟ ವಾದ್ಯ, ಇಷ್ಟೇ. ವೇದಿಕೆ ಮೇಲೆ ಗಿಟಾರ್, ಬೇಸ್, ಡ್ರಮ್ ನುಡಿಸೋಕೆ ಬೇರೆಯವರು ಜೊತೆಗಿರ್ತಾರೆ.

ಈ ತುಮುರ್ ಖೂರ್ ಅನ್ನೋದು ನಮಗೆ ಹೊಸದೇನಲ್ಲ. ಹಲ್ಲಿನ ನಡುವೆ ಹಿಡಿದು, ಬೆರಳಲ್ಲಿ ನಾಲಗೆ ಮೀಟಿ, ಬಾಯಿಯ ಗುಹೆಯನ್ನು ಹಿಗ್ಗಿಸಿ ಕುಗ್ಗಿಸಿ ಸ್ವರ ಬದಲಾಯಿಸುವ ವಾದ್ಯ. ನಮ್ಮ ಕಛೇರಿಗಳಲ್ಲಿ ಮೃದಂಗದ ಪಕ್ಕ ಕೂತಿರುವ ಮೋರ್ಸಿಂಗ್ ಇದೆಯಲ್ಲ, ಅದೇ ಕುಲದ್ದು. ತನಿ ಆವರ್ತನದಲ್ಲಿ ಮೋರ್ಸಿಂಗ್ ಕೇಳಿ ಬೆಳೆದ ಕಿವಿಗೆ ‘ಯುವೆ ಯುವೆ ಯು’ದ ಆ ‘ಝೊಂಯ್’ ದನಿ ಪರಕೀಯ ಅನ್ನಿಸೋದಿಲ್ಲ. ನನಗಂತೂ ಅನ್ನಿಸಲಿಲ್ಲ.

ಇನ್ನು ಗಂಟಲು. ಈ ಹಾಡನ್ನು ಮೊದಲ ಸಲ ಕೇಳುವವರು ಬೆಚ್ಚೋದು ಅಲ್ಲೇ. ಮನುಷ್ಯನ ಗಂಟಲಿಂದ ಇಷ್ಟು ಕೆಳಗಿನ ದನಿ ಬರುತ್ತಾ ಅಂತ. ಮಂಗೋಲಿಯಾದವರು ಈ ಗಾಯನಕ್ಕೆ ‘ಖೋಮೀ’ ಅಂತಾರೆ. ಹಾಡುವವನು ಒಂದು ಸ್ವರವನ್ನು ಶ್ರುತಿಯ ಹಾಗೆ ಹಿಡಿದಿಟ್ಟು, ಬಾಯಿ ಮತ್ತು ನಾಲಗೆಯ ಆಕಾರ ಬದಲಿಸ್ತಾ, ಅದೇ ಸ್ವರದೊಳಗೆ ಅಡಗಿರುವ ಮೇಲಿನ ಸ್ವರಗಳನ್ನು ಹೊರಗೆಳೆಯುತ್ತಾನೆ. ಒಬ್ಬನೇ ಮನುಷ್ಯ, ಒಂದೇ ಹೊತ್ತಿಗೆ ಎರಡು ಸ್ವರ. ನಮ್ಮಲ್ಲಿ ಚೆನ್ನಾಗಿ ಶ್ರುತಿ ಸೇರಿದ ತಂಬೂರಿಯಲ್ಲಿ, ಯಾರೂ ಮೀಟದ ಗಾಂಧಾರ ತಾನಾಗಿ ಕೇಳಿಸುತ್ತೆ ಅಂತಾರಲ್ಲ, ಸ್ವಯಂಭೂ ಗಾಂಧಾರ, ಅದರ ಹಿಂದಿರುವ ವಿಜ್ಞಾನವೇ ಇಲ್ಲೂ ಇರೋದು. ತಂಬೂರಿಯಲ್ಲಿ ತಾನಾಗಿ ಬರೋದನ್ನು ಇವರು ಗಂಟಲಲ್ಲಿ ಬೇಕಂತಲೇ ತರ್ತಾರೆ. 2010ರಲ್ಲಿ ಯುನೆಸ್ಕೊ ಮಂಗೋಲಿಯಾದ ಖೋಮೀಯನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಖೋಮೀಯಲ್ಲೇ ‘ಖರ್ಖಿರಾ’ ಅಂತ ಒಂದು ಬಗೆ ಇದೆ. ನಮ್ಮ ಧ್ವನಿತಂತುಗಳ ಮೇಲ್ಭಾಗದಲ್ಲಿ ಇನ್ನೊಂದು ಜೊತೆ ಮಡಿಕೆಗಳಿರ್ತವೆ, ಸಾಮಾನ್ಯವಾಗಿ ಮಾತಾಡುವಾಗ ಅವಕ್ಕೆ ಕೆಲಸ ಇಲ್ಲ. ಖರ್ಖಿರಾದಲ್ಲಿ ಅವನ್ನೂ ಕಂಪಿಸುವಂತೆ ಮಾಡ್ತಾರೆ. ಆಗ ಹಾಡುವ ಸ್ವರಕ್ಕಿಂತ ಒಂದು ಸ್ಥಾಯಿ ಕೆಳಗೆ ಗುಡುಗಿದ ಹಾಗೆ ಕೇಳುತ್ತೆ. ಮಜಾ ಏನು ಗೊತ್ತಾ? ಡೆತ್ ಮೆಟಲ್ ಹಾಡುಗಾರರು ‘ಗ್ರೌಲ್’ ಮಾಡುವಾಗಲೂ ಕಂಪಿಸೋದು ಆ ಮಡಿಕೆಗಳೇ. ಅಂದ್ರೆ ಯುರೋಪು, ಅಮೆರಿಕದ ಹುಡುಗರು ಎಂಬತ್ತರ ದಶಕದಲ್ಲಿ ಗ್ಯಾರೇಜಿನಲ್ಲಿ ಕೂತು ಗಂಟಲು ಕೆಡಿಸಿಕೊಂಡು ಕಂಡುಹಿಡಿದದ್ದನ್ನು, ಕುರಿ ಕಾಯುವವರು ಬೆಟ್ಟದ ಕೆಳಗೆ ಎಷ್ಟೋ ಕಾಲದಿಂದ ಮಾಡ್ತಾ ಇದ್ದರು. ಹಾಗಾಗಿ ಈ ಹಾಡಿನಲ್ಲಿ ಜಾನಪದವನ್ನೂ ಮೆಟಲನ್ನೂ ಬಲವಂತವಾಗಿ ಗಂಟು ಹಾಕಿದ ಹಾಗೆ ಕಾಣೋದಿಲ್ಲ. ಎರಡೂ ಮೊದಲೇ ನೆಂಟರು.

ಸರಿ, ಈಗ ಸಾಹಿತ್ಯಕ್ಕೆ ಬರೋಣ. ‘ಯುವೆ ಯುವೆ ಯು’ ಅಂದ್ರೆ ಸುಮಾರಾಗಿ ‘ಎಂಥಾ ವಿಚಿತ್ರ, ಎಂಥಾ ವಿಚಿತ್ರ’ ಅಂತ ಅರ್ಥ. ಏನು ವಿಚಿತ್ರ? ತಿಂದು ಕುಡಿದು ಮಜಾ ಮಾಡ್ಕೊಂಡು ಕಾಲ ಕಳೀತಾ ಇದ್ದೀರಲ್ಲ, ಅದು. ಪೂರ್ವಜರ ಹೆಸರು ಹೇಳಿ ಜಂಬ ಕೊಚ್ಚಿಕೊಳ್ತೀರಿ, ಅವರು ಪಾಲಿಸಿದ ನೀತಿ ಮಾತ್ರ ನಿಮಗೆ ಬೇಡ, ಅದು. ಆಣೆ ಇಡ್ತೀರಿ, ಉಳಿಸಿಕೊಳ್ಳಲ್ಲ. ನೆಲದ ಮೇಲಿನ ಪ್ರೀತಿ ಬರೀ ಬಾಯಿಮಾತು. ಮಲಗಿದ್ದೀರಿ, ಎಬ್ಬಿಸಿದರೂ ಏಳಲ್ಲ. ಹಾಡಿನ ಸಾರ ಇಷ್ಟೇ. ನಾನು ಸಾಲುಗಳನ್ನು ಇಲ್ಲಿ ಓದ್ತಾ ಇಲ್ಲ, ತಾತ್ಪರ್ಯ ಹೇಳ್ತಾ ಇದ್ದೀನಿ. ಇಂಗ್ಲಿಷ್ ಅನುವಾದ ಹುಡುಕಿದರೆ ಸಿಗುತ್ತೆ, ಓದಿ ನೋಡಿ.

ಶತ್ರುವಿನ ಹೆಸರು ಇದರಲ್ಲಿ ಎಲ್ಲೂ ಇಲ್ಲ. ಬೈಗುಳ ಪೂರ್ತಿ ತಮ್ಮವರಿಗೇ. ಊರಿನ ಹಿರಿಯನೊಬ್ಬ ಕಟ್ಟೆ ಮೇಲೆ ಕೂತು, ಹಾಳಾಗಿ ಹೋಗ್ತಾ ಇದ್ದೀರಲ್ರೋ ಅಂತ ಹುಡುಗರನ್ನು ಗದರಿಸಿದ ಹಾಗಿದೆ. ಕನ್ನಡದವರಿಗೆ ಈ ಧಾಟಿ ಪರಿಚಯದ್ದೇ. ವಚನಗಳಲ್ಲಿ, ದಾಸರ ಪದಗಳಲ್ಲಿ, ತೋರಿಕೆಯ ಭಕ್ತಿ ಮಾಡುವ ತಮ್ಮವರನ್ನೇ ಜಾಡಿಸಿ ಹಾಡುವ ಪರಂಪರೆ ನಮ್ಮದು. ಮಠ, ಮನೆ, ಮದುವೆಗಳಲ್ಲಿ ಅದನ್ನೇ ರಾಗವಾಗಿ ಹಾಡಿಕೊಂಡು ತಲೆದೂಗ್ತೀವಿ. ಬೈಸಿಕೊಳ್ತಾ ಇರೋದು ನಾವೇ ಅನ್ನೋದು ಎಷ್ಟು ಸಲ ನೆನಪಿರುತ್ತೆ ಅನ್ನೋದು ಬೇರೆ ಮಾತು.

ವಿಡಿಯೋ ಶುರುವಾಗುವ ರೀತಿಯೂ ಇದಕ್ಕೆ ಹೊಂದುತ್ತೆ. ಮೊದಲಿಗೆ ಕಾಣೋದು ಕುದುರೆ ಸವಾರರಲ್ಲ. ನಮ್ಮ ಹಾಗೇ ಈ ಕಾಲದ ಮನೆಯೊಳಗೆ, ಪರದೆಗಳ ಮುಂದೆ ಸೋಮಾರಿಯಾಗಿ ಬಿದ್ದುಕೊಂಡಿರುವ ಗಂಡಸರು. ಆಮೇಲೆ ಬಾಗಿಲು ತೆರೆದರೆ ಹೊರಗೆ ಬೆಟ್ಟ, ಬಯಲು, ನೀರು. ಆ ಮೊದಲ ದೃಶ್ಯಗಳನ್ನು ದಾಟಿಸಿ, ಚರ್ಮದ ಬಟ್ಟೆ ತೊಟ್ಟು ಬಯಲಲ್ಲಿ ನಿಂತು ಗುಡುಗುವ ಭಾಗವನ್ನೇ ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ.

ಈ ಬೈಗುಳ ಅಷ್ಟು ನಾಟೋಕೆ ಕಾರಣ ತಿಳೀಬೇಕಾದರೆ ಸ್ವಲ್ಪ ಚರಿತ್ರೆ ಬೇಕು. ಸ್ವಲ್ಪವೇ ಹೇಳ್ತೀನಿ, ಭಯಪಡಬೇಡಿ.

ನಾವು ಶಾಲೆಯಲ್ಲಿ ಗೆಂಗಿಸ್ ಖಾನ್ ಅಂತ ಓದಿದವನನ್ನು ಅವರು ಚಿಂಗಿಸ್ ಖಾನ್ ಅಂತಾರೆ. ಇಪ್ಪತ್ತನೇ ಶತಮಾನದ ಬಹುಭಾಗ ಮಂಗೋಲಿಯಾ ಸೋವಿಯತ್ ಒಕ್ಕೂಟದ ನೆರಳಲ್ಲಿ ಕಮ್ಯುನಿಸ್ಟ್ ಆಡಳಿತದಲ್ಲಿತ್ತು. ರಷ್ಯಾದವರ ನೆನಪಿನಲ್ಲಿ ಮಂಗೋಲರು ಅಂದ್ರೆ ತಮ್ಮ ಮೇಲೆ ದಂಡೆತ್ತಿ ಬಂದು ಆಳಿದವರು. ಹಾಗಾಗಿ ಆ ಹೆಸರನ್ನು ಹೊಗಳಿ ಮಾತಾಡುವ ಹಾಗಿರಲಿಲ್ಲ. 1962ರಲ್ಲಿ ಚಿಂಗಿಸ್ ಖಾನನ 800ನೇ ಹುಟ್ಟುಹಬ್ಬಕ್ಕೆ ಅಂಚೆಚೀಟಿ ತಂದರು, ಅವನು ಹುಟ್ಟಿದ ಸೀಮೆ ಅಂತ ನಂಬುವ ಕಡೆ ಒಂದು ಸ್ಮಾರಕ ಕಲ್ಲು ನಿಲ್ಲಿಸಿದರು. ಮಾಸ್ಕೋಗೆ ಸಿಟ್ಟು ಬಂತು. ಆಚರಣೆಯ ಹಿಂದಿದ್ದ ತುಮುರ್-ಓಚಿರ್ ಅನ್ನೋ ಪಾಲಿಟ್‌ಬ್ಯೂರೊ ಸದಸ್ಯ ಸ್ಥಾನ ಕಳೆದುಕೊಂಡ. ಕಲ್ಲು ಮಾತ್ರ ಉಳೀತು.

1989ರ ಕೊನೆಯಲ್ಲಿ, 1990ರ ಮೊದಲಲ್ಲಿ, ಮೈನಸ್ ಇಪ್ಪತ್ತರ ಚಳಿಯಲ್ಲಿ ಉಲಾನ್‌ಬಾತರ್‌ನ ಸುಖ್‌ಬಾತರ್ ಚೌಕದಲ್ಲಿ ಜನ ಸೇರಿದರು, ಉಪವಾಸ ಕೂತರು, ಮಾರ್ಚ್‌ನಲ್ಲಿ ಪಾಲಿಟ್‌ಬ್ಯೂರೊ ರಾಜೀನಾಮೆ ಕೊಟ್ಟಿತು. ಆ ಚಳವಳಿಯ ಹಾಡು ಯಾವುದು ಅಂತ ಅಲ್ಲಿಯವರನ್ನು ಕೇಳಿದರೆ ‘ಖೊಂಖ್’ ಅನ್ನೋ ತಂಡದ ‘ಗಂಟೆಯ ದನಿ’ ಅಂತಾರೆ. ಅದೂ ಒಂದು ರಾಕ್ ಹಾಡೇ, ಅದೂ ಜನರನ್ನು ನಿದ್ದೆಯಿಂದ ಎಬ್ಬಿಸುವ ಹಾಡೇ. ಅಂದ್ರೆ ದಿ ಹು ತಂಡದ ‘ಏಳಿ’ ಅನ್ನೋ ಕರೆ ಎಲ್ಲಿಂದಲೋ ಉದುರಿದ್ದಲ್ಲ. ಮಂಗೋಲಿಯಾದಲ್ಲಿ ರಾಕ್ ಸಂಗೀತಕ್ಕೆ ಗಂಟೆ ಬಾರಿಸುವ ಕೆಲಸ ಮೊದಲೇ ಇತ್ತು.

ಆಮೇಲೆ ಕಟ್ಟೆ ಒಡೆದ ಹಾಗಾಯ್ತು. ದಶಕಗಳ ಕಾಲ ಬಾಯಿಬಿಟ್ಟು ಹೇಳಲಾಗದ ಹೆಸರು ಎಲ್ಲ ಕಡೆ ಬಂತು. ವಿಮಾನ ನಿಲ್ದಾಣಕ್ಕೆ ಚಿಂಗಿಸ್ ಖಾನ್ ಹೆಸರು. ನೋಟಿನ ಮೇಲೆ ಅವನ ಮುಖ. ವೋಡ್ಕಾ ಬಾಟಲಿಗೂ ಅವನದೇ ಹೆಸರು. 2008ರಲ್ಲಿ ರಾಜಧಾನಿಯ ಹೊರಗೆ ಕುದುರೆ ಮೇಲೆ ಕೂತ ಅವನ ಉಕ್ಕಿನ ಪ್ರತಿಮೆ ನಿಂತಿತು, 40 ಮೀಟರ್ ಎತ್ತರ. ಲಿಫ್ಟಿನಲ್ಲಿ ಹೋಗಿ ಕುದುರೆಯ ತಲೆಯ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳಬಹುದು. ಸುಖ್‌ಬಾತರ್ ಚೌಕದ ಹೆಸರನ್ನೂ 2013ರಲ್ಲಿ ಚಿಂಗಿಸ್ ಚೌಕ ಅಂತ ಮಾಡಿದರು, 2016ರಲ್ಲಿ ವಾಪಸ್ ಬದಲಾಯಿಸಿದರು. ಹೆಸರು ಬದಲಾವಣೆಯ ಈ ಆಟ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ ಬಿಡಿ.

ಇದೇ ಹೊತ್ತಿಗೆ ದೇಶ ಬದಲಾಗ್ತಾ ಇತ್ತು. ಮೂವತ್ತು ಲಕ್ಷ ಚಿಲ್ಲರೆ ಜನಸಂಖ್ಯೆ, ಅದರಲ್ಲಿ ಹತ್ತಿರ ಹತ್ತಿರ ಅರ್ಧ ಜನ ಒಂದೇ ನಗರದಲ್ಲಿ. ‘ಜುದ್’ ಅಂತಾರೆ ಅವರು, ಭಯಂಕರ ಚಳಿಗಾಲ, ಹುಲ್ಲು ಹಿಮದಡಿ ಹೂತು ದನ, ಕುರಿ, ಕುದುರೆ ಸಾಲುಸಾಲಾಗಿ ಸಾಯ್ತವೆ. ಮಂದೆ ಕಳ್ಕೊಂಡವರು ಗುಡಾರ ಸುತ್ತಿಕೊಂಡು ಉಲಾನ್‌ಬಾತರ್‌ನ ಅಂಚಿಗೆ ಬಂದು ನೆಲೆಸಿದರು. ಚಳಿಗೆ ಕಲ್ಲಿದ್ದಲು ಸುಟ್ಟರು. ಚಳಿಗಾಲದಲ್ಲಿ ಆ ನಗರದ ಗಾಳಿ ಜಗತ್ತಿನಲ್ಲೇ ಅತಿ ಕೆಟ್ಟ ಗಾಳಿಗಳಲ್ಲಿ ಒಂದು. ಇನ್ನೊಂದು ಕಡೆ ದೇಶದ ಸಂಪಾದನೆ ನಿಂತಿರೋದು ನೆಲ ಅಗೆಯುವುದರ ಮೇಲೆ: ತಾಮ್ರ, ಕಲ್ಲಿದ್ದಲು, ಚಿನ್ನ. ಈಗ ಮತ್ತೆ ಹಾಡಿನ ಮಾತು ನೆನಪು ಮಾಡ್ಕೊಳ್ಳಿ. ಹಿರಿಯರ ಹೆಸರು ಬಾಟಲಿ ಮೇಲೆ, ಹಿರಿಯರ ನೆಲ ಹೊಗೆಯಲ್ಲಿ. ‘ಎಂಥಾ ವಿಚಿತ್ರ’ ಅನ್ನೋ ಆ ಪಲ್ಲವಿಗೆ ಅಲ್ಲಿಯವರ ಕಿವಿಯಲ್ಲಿ ಯಾವ ತೂಕ ಇದ್ದಿರಬೇಕು ಅಂತ ಊಹಿಸಬಹುದು.

ತಂಡ ಕಟ್ಟಿದ್ದು 2016ರಲ್ಲಿ. ಅದರ ಹಿಂದಿದ್ದ ನಿರ್ಮಾಪಕ ದಶ್ಕಾ ಅಂತ ಕರೆಸಿಕೊಳ್ಳುವ ದಶ್‌ದೊಂದೊಗ್. ಮಂಗೋಲಿಯಾದ ವಾದ್ಯಗಳನ್ನು ರಾಕ್‌ಗೆ ತರಬೇಕು ಅನ್ನೋದು ಅವರು ವರ್ಷಗಟ್ಟಲೆ ತಲೆಯಲ್ಲಿಟ್ಟುಕೊಂಡಿದ್ದ ಆಸೆ. ಗಾಲಾ, ಜಯಾ, ಎಂಕುಶ್, ತೆಮ್ಕಾ, ಈ ನಾಲ್ವರೂ ಸಂಗೀತವನ್ನು ಶಾಸ್ತ್ರೋಕ್ತವಾಗಿ ಓದಿದವರು. ಬಯಲಿಂದ ನೇರ ಕುದುರೆ ಇಳಿದು ಬಂದು ಮೈಕ್ ಹಿಡಿದವರಲ್ಲ. ‘ಹು’ ಅನ್ನೋದು ಅವರ ಭಾಷೆಯಲ್ಲಿ ‘ಮನುಷ್ಯ’ ಅನ್ನೋ ಪದದ ಮೂಲಧಾತು. ತಮ್ಮ ಶೈಲಿಗೆ ಅವರೇ ಇಟ್ಟುಕೊಂಡ ಹೆಸರು ‘ಹುನ್ನು ರಾಕ್’, ಅಲ್ಲಿನ ಪ್ರಾಚೀನ ಹುನ್ನು ಸಾಮ್ರಾಜ್ಯದ ಹೆಸರಿಂದ.

ಹಾಡು ಹೊರಗೆ ಹೋದಾಗ ಏನಾಯ್ತು? ಪಶ್ಚಿಮದ ಕೇಳುಗರು ಮುಗಿಬಿದ್ದರು. ಕೇಳಿದವರ ಪ್ರತಿಕ್ರಿಯೆಯೆಲ್ಲ ಹೆಚ್ಚುಕಮ್ಮಿ ಒಂದೇ ನಮೂನೆ: ಈ ಹಾಡು ಕೇಳ್ತಾ ಇದ್ದರೆ ಕುದುರೆ ಹತ್ತಿ ಯಾವುದಾದರೂ ರಾಜ್ಯ ಗೆಲ್ಲಬೇಕು ಅನ್ನಿಸುತ್ತೆ ಅಂತ. ತಮಾಷೆಗೆ ಹೇಳಿದ್ದು, ಪ್ರೀತಿಯಿಂದಲೇ ಹೇಳಿದ್ದು. ನಾನು ಅದನ್ನು ದೊಡ್ಡ ಅಪರಾಧ ಅಂತ ಹೇಳಲ್ಲ. ಆದರೆ ಮಂಗೋಲ ಅಂದ ಕೂಡಲೇ ಎಂಟು ನೂರು ವರ್ಷದ ಹಿಂದಿನ ದಂಡಯಾತ್ರೆಯೊಂದೇ ನೆನಪಾಗುತ್ತೆ ಅಂದ್ರೆ, ಆ ಕಡೆಯಿಂದ ಹಾಡ್ತಾ ಇರುವವನು ಈ ಕಾಲದ ಮನುಷ್ಯ ಅನ್ನೋದೇ ಮರೆತುಹೋಗುತ್ತೆ. ಅವನು ಗಂಟಲು ಬಿರಿದು ಹೇಳ್ತಾ ಇರೋದೂ ಅದನ್ನೇ ಅಲ್ವಾ, ಆ ಹೆಸರನ್ನು ಸುಮ್ಮಸುಮ್ಮನೆ ಬಳಸಬೇಡಿ ಅಂತ! ಹಾಡು ಯಾವ ಚಟವನ್ನು ಬೈದಿತ್ತೋ ಅದೇ ಚಟದಿಂದ ಜನ ಹಾಡನ್ನು ಮೆಚ್ಚಿಕೊಂಡರು.

ತಂಡದವರು ಪಾಪದವರು, ಅವರಿಗೇನೂ ಗೊತ್ತಿರಲಿಲ್ಲ ಅಂತಾನೂ ನಾನು ಹೇಳಲ್ಲ. ಚರ್ಮದ ಉಡುಪು, ಜಡೆ, ತಲೆಬುರುಡೆ, ಮೋಟಾರ್‌ಸೈಕಲ್, ಇವೆಲ್ಲ ಹೊರಗಿನ ಕಣ್ಣಿಗೆ ಚೆಂದ ಕಾಣುತ್ತೆ ಅಂತ ಗೊತ್ತಿದ್ದೇ ಮಾಡಿದ ಅಲಂಕಾರ. 2018ರ ನವೆಂಬರ್‌ನಲ್ಲಿ ಬಂದ ಎರಡನೇ ಹಾಡು ‘ವುಲ್ಫ್ ಟೋಟೆಮ್’ ನೋಡಿ. ಅದು ನಿಜಕ್ಕೂ ಯುದ್ಧದ ಹಾಡು. ಬಾರೋ, ನೋಡೇಬಿಡೋಣ ಅನ್ನೋ ಧಾಟಿ. 2019ರಲ್ಲಿ ಬಿಲ್‌ಬೋರ್ಡ್‌ನ ಹಾರ್ಡ್ ರಾಕ್ ಡಿಜಿಟಲ್ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಗಿದ್ದು ಅದೇ, ‘ಯುವೆ ಯುವೆ ಯು’ ಅಲ್ಲ. ಲೋಕ ಬಯಸಿದ್ದನ್ನು ಎರಡನೇ ಹಾಡಿನಲ್ಲಿ ಕೊಟ್ಟರು ಅಂತ ಯಾರಾದರೂ ಆಕ್ಷೇಪ ಮಾಡಿದರೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ನನ್ನ ಮಟ್ಟಿಗೆ ಮೊದಲ ಹಾಡೇ ದೊಡ್ಡದು.

ಆಮೇಲೆ ಅಮೆರಿಕದ ರೆಕಾರ್ಡ್ ಕಂಪನಿಯ ಒಪ್ಪಂದ, 2019ರ ಸೆಪ್ಟೆಂಬರ್‌ನಲ್ಲಿ ಮೊದಲ ಆಲ್ಬಂ ‘ದಿ ಗೆರೆಗ್’. ಗೆರೆಗ್ ಅಂದ್ರೆ ಹಳೇ ಮಂಗೋಲ್ ಸಾಮ್ರಾಜ್ಯದಲ್ಲಿ ದೂತರಿಗೆ ಕೊಡ್ತಾ ಇದ್ದ ಲೋಹದ ಬಿಲ್ಲೆ. ಅದನ್ನು ತೋರಿಸಿದರೆ ದಾರಿಯುದ್ದಕ್ಕೂ ಕುದುರೆ, ಊಟ, ವಸತಿ ಸಿಗ್ತಾ ಇತ್ತು. ಆ ಕಾಲದ ಪಾಸ್‌ಪೋರ್ಟ್ ಅನ್ನಿ. ಹೆಸರು ಚೆನ್ನಾಗೇ ಇದೆ. ಆಮೇಲೆ ಅಮೆರಿಕದ ಹಾಡುಗಾರರನ್ನು ಸೇರಿಸಿಕೊಂಡು ಇಂಗ್ಲಿಷ್ ಸಾಲುಗಳಿರುವ ಆವೃತ್ತಿಗಳೂ ಬಂದವು. ‘ಯುವೆ ಯುವೆ ಯು’ಗೂ ಅಂಥದ್ದೊಂದು ಇದೆ. ರೇಡಿಯೊದಲ್ಲಿ ಹಾಕೋಕೆ ಅನುಕೂಲ ಆಗಲಿ ಅಂತ ಇರಬಹುದು. ನನಗೆ ಅದು ರುಚಿಸಲಿಲ್ಲ. ಅರ್ಥ ಆಗದೆ ಇದ್ದಾಗ ಹಾಡಿಗೆ ಇದ್ದ ಬಿಗಿ, ಅರ್ಥ ಆದ ಕೂಡಲೇ ಸಡಿಲವಾದ ಹಾಗೆ ಅನ್ನಿಸ್ತು.

ಈಗ ಮೊದಲಿಗೆ ಹೇಳಿದ ಸರ್ಕಾರದ ವಿಷಯ. 2019ರ ನವೆಂಬರ್‌ನಲ್ಲಿ ಮಂಗೋಲಿಯಾದ ಆಗಿನ ಅಧ್ಯಕ್ಷ ಬತ್ತುಲ್ಗ ಈ ತಂಡಕ್ಕೆ ದೇಶದ ಅತ್ಯುನ್ನತ ಗೌರವ ಕೊಟ್ಟರು. ಆ ಪದಕದ ಹೆಸರು ಏನು ಗೊತ್ತಾ? ‘ಚಿಂಗಿಸ್ ಖಾನ್ ಪದಕ’. ಹಿರಿಯರ ಹೆಸರನ್ನು ಎಲ್ಲದಕ್ಕೂ ಅಂಟಿಸಬೇಡಿ ಅಂತ ಹಾಡಿ ಬಂದವರ ಎದೆಗೆ ಅದೇ ಹೆಸರನ್ನು ಚುಚ್ಚಿದರು! ನಾನಿದನ್ನ ಕುಹಕಕ್ಕೆ ಹೇಳ್ತಾ ಇಲ್ಲ. ಗೌರವ ಅವರಿಗೆ ಸಲ್ಲಬೇಕಾದದ್ದೇ. ಮಂಗೋಲಿಯಾದ ಹೆಸರನ್ನು ಅಷ್ಟು ದೂರ ಒಯ್ದ ಸಂಗೀತಗಾರರು ಅದಕ್ಕೂ ಮೊದಲು ಇರಲಿಲ್ಲ. ಆದರೆ ಬೈಗುಳವನ್ನು ಹೇಗೆ ಅರಗಿಸಿಕೊಳ್ಳಬೇಕು ಅನ್ನೋದು ಸರ್ಕಾರಗಳಿಗೆ ಚೆನ್ನಾಗಿ ಗೊತ್ತಿರುತ್ತೆ. ನಿಷೇಧ ಮಾಡಿದರೆ ಹಾಡು ಬೀದಿಗೆ ಬರುತ್ತೆ. ಶಾಲು ಹೊದಿಸಿದರೆ ಸಭಾಂಗಣದಲ್ಲಿ ಉಳಿಯುತ್ತೆ.

ಇನ್ನೊಂದು ಮಾತು ಸೇರಿಸಬೇಕು, ಇಲ್ಲಾಂದ್ರೆ ಅನ್ಯಾಯ ಆಗುತ್ತೆ. ಈ ದಾರಿ ಮೊದಲು ತುಳಿದವರು ದಿ ಹು ತಂಡದವರಲ್ಲ. ಮಂಗೋಲಿಯಾದಲ್ಲೇ ‘ಅಲ್ತಾನ್ ಉರಗ್’ ಅನ್ನೋ ತಂಡ 2002ರಿಂದ ಜಾನಪದ ವಾದ್ಯಗಳಲ್ಲಿ ರಾಕ್ ನುಡಿಸ್ತಾ ಬಂದಿತ್ತು. ರಷ್ಯಾದ ತುವಾ ಪ್ರಾಂತ್ಯದ ‘ಯಾತ್-ಖಾ’ ತೊಂಬತ್ತರ ದಶಕದಲ್ಲೇ ಗಂಟಲಗಾಯನಕ್ಕೆ ಎಲೆಕ್ಟ್ರಿಕ್ ಗಿಟಾರ್ ಸೇರಿಸಿತ್ತು. ಚೀನಾದ ಗಡಿಯೊಳಗಿರುವ ಮಂಗೋಲರ ‘ಹಂಗಾಯ್’, ‘ನೈನ್ ಟ್ರೆಷರ್ಸ್’ ಇವರೆಲ್ಲ ಇದ್ದರು. ಬಾಗಿಲು ತಟ್ಟಿದವರು ಹಲವರು, ಅದು ತೆರೆದದ್ದು ‘ಯುವೆ ಯುವೆ ಯು’ ಬಂದಾಗ.

ಹಾಗೇ, ‘ಸಾವಿರ ವರ್ಷದ ವಾದ್ಯವನ್ನು ಕೆಡಿಸಿಬಿಟ್ಟರು’ ಅನ್ನೋ ಗೊಣಗಾಟಕ್ಕೂ ಒಂದು ಉತ್ತರ. ಮೊರಿನ್ ಖೂರ್‌ನ ಪೆಟ್ಟಿಗೆಯ ಮುಖಕ್ಕೆ ಮೊದಲು ಚರ್ಮ ಹೊದಿಸ್ತಾ ಇದ್ದರು. ಚರ್ಮದ ಬದಲು ಮರದ ಹಲಗೆ ಬಂದಿದ್ದು 1960ರ ದಶಕದಲ್ಲಿ, ಅದೂ ಒಬ್ಬ ರಷ್ಯನ್ ವಾದ್ಯ ತಯಾರಕನ ಕೈಯಿಂದ. ದೊಡ್ಡ ಸಭಾಂಗಣಗಳಲ್ಲಿ ಕೇಳಬೇಕು, ಚಳಿಗೆ ತೇವಕ್ಕೆ ಶ್ರುತಿ ತಪ್ಪಬಾರದು ಅಂತ. ಇವತ್ತು ‘ಸಾಂಪ್ರದಾಯಿಕ’ ಅಂತ ನಾವು ನೋಡುವ ಮೊರಿನ್ ಖೂರ್ ಅದು. ಮೈಸೂರಿನ ಟಿ. ಚೌಡಯ್ಯನವರು ಪಿಟೀಲಿಗೆ ಮೂರು ತಂತಿ ಹೆಚ್ಚಿಗೆ ಹಾಕಿ ಏಳು ತಂತಿ ಮಾಡಿಕೊಂಡರಲ್ಲ, ಮೈಕ್ ಇಲ್ಲದ ಕಾಲದಲ್ಲಿ ಹಿಂದಿನ ಸಾಲಿನವನಿಗೂ ಕೇಳಲಿ ಅಂತ, ಅದೇ ಕಥೆ. ಪಿಟೀಲೇ ಹೊರಗಿಂದ ಬಂದದ್ದು. ಆಗಲೂ ಗೊಣಗಿದವರು ಇದ್ದಿರಬೇಕು.

ಚೌಡಯ್ಯನವರ ಹೆಸರು ಬಂದ ಮೇಲೆ ನಮ್ಮೂರಿನ ಮೆಟಲ್ ಬಗ್ಗೆಯೂ ಎರಡು ಮಾತು. ಬೆಂಗಳೂರು ಭಾರತದ ಮೆಟಲ್ ರಾಜಧಾನಿ ಅಂತ ಅನ್ನಿಸಿಕೊಂಡ ಊರು. 2007ರ ಮಾರ್ಚ್‌ನಲ್ಲಿ ಅರಮನೆ ಮೈದಾನಕ್ಕೆ ಐರನ್ ಮೇಡನ್ ಬಂತು, 2011ರ ಅಕ್ಟೋಬರ್‌ನಲ್ಲಿ ಮೆಟಾಲಿಕಾ ಬಂತು. ದೇಶದ ಮೂಲೆಮೂಲೆಯಿಂದ ಕಪ್ಪು ಟೀ ಶರ್ಟಿನವರು ರೈಲು ಹತ್ತಿ ಬಂದರು. ಇಲ್ಲಿನ ‘ಕ್ರಿಪ್ಟೋಸ್’ ತಂಡ 1998ರಿಂದ ಇದೆ, ಯುರೋಪಿನ ಹಬ್ಬಗಳಲ್ಲಿ ನುಡಿಸಿ ಬಂದಿದೆ. ಹಾಡೋದು ಇಂಗ್ಲಿಷಿನಲ್ಲಿ. ಅದು ಅವರ ಆಯ್ಕೆ, ಚೆನ್ನಾಗಿಯೇ ಹಾಡ್ತಾರೆ, ನನಗೆ ತಕರಾರಿಲ್ಲ. ಆದರೆ ಬಹಳ ಕಾಲ ನಮ್ಮಲ್ಲಿ ಒಂದು ಮಾತು ಚಾಲ್ತಿಯಲ್ಲಿತ್ತು: ಮೆಟಲ್ ಇಂಗ್ಲಿಷಿನಲ್ಲೇ ಆಗಬೇಕು, ನಮ್ಮ ಭಾಷೆಗಳಿಗೆ ಅದು ಒಗ್ಗಲ್ಲ, ಹೊರಗಿನವರು ಕೇಳಲ್ಲ ಅಂತ. ನಾನೇ ಎಷ್ಟೋ ಜನರ ಬಾಯಲ್ಲಿ ಕೇಳಿದ್ದೀನಿ. ಕರ್ನಾಟಕದ ಅರ್ಧದಷ್ಟಿರಲಿ, ಬೆಂಗಳೂರಿನ ಅರ್ಧದಷ್ಟೂ ಜನ ಮಾತಾಡದ ಭಾಷೆಯಿಂದ ಬಂದ ಈ ಹಾಡು ಆ ಮಾತಿನ ‘ಹೊರಗಿನವರು ಕೇಳಲ್ಲ’ ಅನ್ನೋ ಭಾಗವನ್ನು ತೆಗೆದುಹಾಕಿತು. ದೆಹಲಿಯ ‘ಬ್ಲಡಿವುಡ್’ ಢೋಲು ಹಿಡಿದು ಹಿಂದಿ, ಪಂಜಾಬಿಯಲ್ಲಿ ಮೆಟಲ್ ಹಾಡಿ ಜಗತ್ತು ಸುತ್ತುತ್ತಾ ಇರೋದೂ ಇದೇ ಹೊತ್ತಿನ ಕಥೆ.

ಕನ್ನಡದಲ್ಲಿ ಜಾನಪದ ಮತ್ತು ರಾಕ್ ಸೇರಿದ ಹಾಡುಗಳು ಬೇಕಾದಷ್ಟಿವೆ. ರಘು ದೀಕ್ಷಿತ್ ಶರೀಫರ ಪದಗಳನ್ನು ಎಲ್ಲೆಲ್ಲಿಗೋ ಒಯ್ದರು. ಆದರೆ ನಮ್ಮವರನ್ನೇ ನಿಲ್ಲಿಸಿ ಬೈಯುವ ಗಡಸು ಹಾಡು? ನವೆಂಬರ್ ಒಂದರಂದು ವೇದಿಕೆ ಹತ್ತಿ, ಪುಲಕೇಶಿ, ಕೃಷ್ಣದೇವರಾಯ ಅಂತ ಜೈಕಾರ ಹಾಕುವ ಬಾಯಲ್ಲೇ ಕೆರೆ ನುಂಗಿದ್ದೀರಲ್ಲ ಅಂತ ಒಂದು ತಂಡ ಹಾಡಿದರೆ ಏನಾಗಬಹುದು? ಮೈಕ್ ಕಿತ್ತುಕೊಳ್ತಾರೋ, ಪ್ರಶಸ್ತಿ ಕೊಡ್ತಾರೋ, ನನಗೆ ಹೇಳೋಕಾಗಲ್ಲ. ಕೇಳೋಕೆ ಮಾತ್ರ ಆಸೆ ಇದೆ.

ದಿ ಹು ಆಮೇಲೆ ಎಲ್ಲಿಗೆ ಹೋಯ್ತು ಅನ್ನೋದನ್ನ ಬೇಗ ಹೇಳಿಬಿಡ್ತೀನಿ. 2019ರಲ್ಲೇ ಒಂದು ‘ಸ್ಟಾರ್ ವಾರ್ಸ್’ ವಿಡಿಯೋ ಗೇಮ್‌ಗೆ ಹಾಡಿದರು, ಆ ಲೋಕಕ್ಕಾಗಿ ಹುಟ್ಟುಹಾಕಿದ ಒಂದು ಕಾಲ್ಪನಿಕ ಭಾಷೆಯಲ್ಲಿ. ಜಗತ್ತಿಗೆ ಮಂಗೋಲಿಯನ್ನೂ ಒಂದೇ, ಇಲ್ಲದ ಭಾಷೆಯೂ ಒಂದೇ ಅಂತ ಆಗ ನಗು ಬಂದಿತ್ತು. 2021ರಲ್ಲಿ ಮೆಟಾಲಿಕಾದ ಒಂದು ಹಾಡನ್ನು ಮಂಗೋಲಿಯನ್‌ಗೆ ತಂದರು, ಮೆಟಾಲಿಕಾದವರೇ ಹೊರತಂದ ಸಂಕಲನದಲ್ಲಿ ಅದು ಸೇರಿದೆ. 2022ರಲ್ಲಿ ಕೋಚೆಲ್ಲಾ ಉತ್ಸವದಲ್ಲಿ ನುಡಿಸಿದರು, ಅದೇ ವರ್ಷ ಯುನೆಸ್ಕೊ ಅವರನ್ನು ‘ಶಾಂತಿಯ ಕಲಾವಿದರು’ ಅಂತ ಗುರುತಿಸಿತು. 2024ರಲ್ಲಿ ಅಮೆರಿಕದಲ್ಲಿ ಐರನ್ ಮೇಡನ್ ಕಛೇರಿಗಳಿಗೆ ಮೊದಲು ವೇದಿಕೆ ಹತ್ತುತ್ತಾ ಇದ್ದವರು ಇವರೇ. ಆ ‘ಗ್ಯಾಲಪ್’ ಲಯದವರ ಮುಂದೆ ಕುದುರೆ ವಾದ್ಯದವರು. ನಾನು ಅಲ್ಲಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು.

ಕೇಳಬೇಕು ಅನ್ನಿಸಿದರೆ ಮೊದಲು ಮೂಲ ಮಂಗೋಲಿಯನ್ ಹಾಡನ್ನೇ ಕೇಳಿ, ಇಂಗ್ಲಿಷ್ ಸೇರಿಸಿದ್ದು ಆಮೇಲೆ. ಆರು ನಿಮಿಷದ ಆಸುಪಾಸಿದೆ. ಮೊಬೈಲ್ ಸ್ಪೀಕರಿನಲ್ಲಿ ಬೇಡ, ಆ ಕೆಳಗಿನ ದನಿ ಅದರಲ್ಲಿ ಬರಲ್ಲ, ಇಯರ್‌ಫೋನ್ ಹಾಕ್ಕೊಳ್ಳಿ. ಆಮೇಲೆ ಅನುವಾದ ಓದಿ, ಇನ್ನೊಂದು ಸಲ ಕೇಳಿ. ನಿಮ್ಮ ಕಿವಿಗೆ ಎರಡನೇ ಸಲ ಏನು ಬದಲಾಯ್ತು ಅಂತ ನಮಗೆ ಬರೆದು ಕಳಿಸಿ.